ಅತ್ತೆ ನೋಡಿದ ಅರ್ಧ ವಿಡಿಯೊ

ತಲೆನೋವು ಅಂತ ಸುಳ್ಳು ಹೇಳಿ ಕ್ಲಿನಿಕ್ಕಿಗೆ ಹೊರಟ ಸೊಸೆಗೆ, ಅತ್ತೆಯೂ ಚಪ್ಪಲಿ ಮೆಟ್ಟಿದ್ದು ನೋಡಿ ನಿಜವಾಗಿಯೂ ತಲೆನೋವು ಶುರುವಾಯಿತು. ಎಲೆಕ್ಟ್ರಿಷಿಯನ್ ತರಬೇತಿಗೆ ಅವಳಿಗೆ ಆಗಷ್ಟೇ ಸೀಟು ಸಿಕ್ಕಿತ್ತು. ಅದು ಮುಗಿಯುವ ತನಕ ಮಗು ಬೇಡ ಎಂದು ಗಂಡನೂ ಒಪ್ಪಿದ್ದ. ಆದರೆ ಅಮ್ಮನ ಮುಂದೆ ಬಾಯಿ ಬಿಡುವ ಧೈರ್ಯ ಆ ಪುಣ್ಯಾತ್ಮನಿಗೆ ಇರಲಿಲ್ಲ. ಗುಟ್ಟಾಗಿ ಹೋಗಿ ತೋಳಿಗೆ ಗರ್ಭನಿರೋಧಕ ಕಡ್ಡಿ ಹಾಕಿಸಿಕೊಂಡು ಬರುವುದು ಅವಳ ಉಪಾಯ.

ಕಾಯುವ ಕೋಣೆಯ ಟೀವಿಯಲ್ಲಿ ಅದೇ ಕಡ್ಡಿಯ ವಿಡಿಯೊ ಓಡುತ್ತಿತ್ತು. ಆ ವಿಡಿಯೊ ಯಾರಿಗಾಗಿ ಮಾಡಿದ್ದೋ ಆ ಹುಡುಗಿಯರೆಲ್ಲ ಮೊಬೈಲಿನಲ್ಲಿ ಮುಳುಗಿದ್ದರು. ಕಣ್ಣು ಮಿಟುಕಿಸದೆ ನೋಡಿದವರು ಅತ್ತೆಯೊಬ್ಬರೇ. ಟೀವಿಯಲ್ಲಿ ಏನು ಬಂದರೂ ಅವರಿಗೆ ಧಾರಾವಾಹಿಯೇ. ಹವಾಮಾನ ವರದಿ ಓದುವವಳಿಗೂ ಬುದ್ಧಿ ಹೇಳುತ್ತಿದ್ದರು.

ವಿಡಿಯೊದ ಹುಡುಗಿ ಓದಬೇಕು ಅನ್ನುತ್ತಿದ್ದಳು. ಅವಳ ಅತ್ತೆ ಮುಖ ಊದಿಸಿಕೊಂಡಿದ್ದಳು.

"ನೋಡು ಆ ಗಯ್ಯಾಳಿನ," ಅಂದರು ಇವಳ ಅತ್ತೆ. "ಮಗು ಎಲ್ಲಿಗೆ ಹೋಗುತ್ತೆ? ಇವತ್ತಲ್ಲ ನಾಳೆ ಆಗುತ್ತೆ. ಹುಡುಗೀನ ಓದ್ಕೊಳ್ಳೋಕೆ ಬಿಡಬಾರ್ದಾ?"

ಟೀವಿಯ ಡಾಕ್ಟರು ಬೆಂಕಿಕಡ್ಡಿಯಷ್ಟು ಚಿಕ್ಕ ಕಡ್ಡಿ ತೋರಿಸಿ, ಚರ್ಮದ ಕೆಳಗೆ ಹಾಕಿದರೆ ಮೂರು ವರ್ಷ ನಿಶ್ಚಿಂತೆ ಅಂದರು. "ಹಾಗಾದ್ರೆ ಆಮೇಲೆ ಮೊಮ್ಮಕ್ಕಳೇ ಇಲ್ವಾ?" ಎಂದು ವಿಡಿಯೊದ ಅತ್ತೆ ಕೇಳಿದಳು.

ಟೀವಿ ಆರಿತು. ಸದ್ದಿನಲ್ಲಿ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲವೆಂದು, ಒಳಗೆ ಕರೆಯುವಾಗಲೆಲ್ಲ ಟೀವಿ ಆರಿಸುವುದು ಅಲ್ಲಿನ ನರ್ಸಮ್ಮನ ಪದ್ಧತಿ. ಈ ಸಲ ಕರೆದದ್ದು ಸೊಸೆಯನ್ನೇ.

"ಒಳ್ಳೇ ಹೊತ್ತಲ್ಲೇ ಆರಿಸಿದ್ರಲ್ಲಮ್ಮಾ," ಅತ್ತೆ ಚಡಪಡಿಸಿದರು. "ಡಾಕ್ಟ್ರು ಏನಂದ್ರೋ ಏನೋ."

"ಹಾಗೇನಿಲ್ಲ ಅತ್ತೆ. ಬೇಕಾದಾಗ ತೆಗೆಸಬಹುದು, ತೆಗೆಸಿದ್ಮೇಲೆ ಮಕ್ಕಳಾಗುತ್ತೆ. ಮುಟ್ಟು ಸ್ವಲ್ಪ ಏರುಪೇರಾಗಬಹುದು. ಕೊನೇಲಿ ಅವಳ ಅತ್ತೇನೂ ನಗ್ತಾರೆ."

ಬಚ್ಚಲಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಅದೇ ವಿಡಿಯೊ ನೋಡಿ ನೋಡಿ ಸೊಸೆಗೆ ಬಾಯಿಪಾಠವಾಗಿತ್ತು. ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಕೊನೆ ನಿಂಗೆ ಹೇಗೆ ಗೊತ್ತು?"

ಸೊಸೆ ನೆಲ ನೋಡಿದಳು. "ನಂಗೆ ತಲೆನೋವಿಲ್ಲ ಅತ್ತೆ. ಆ ಕಡ್ಡಿ ಹಾಕಿಸ್ಕೊಳ್ಳೋಕೇ ಬಂದೆ. ತರಬೇತಿ ಮುಗೀಲಿ ಅಂತ."

ಹುಡುಗಿಯರೆಲ್ಲ ಈಗ ಮೊಬೈಲು ಬಿಟ್ಟು ಇವರನ್ನೇ ನೋಡತೊಡಗಿದರು. ಅತ್ತೆಯ ಮುಖ ಊದಿತು. ಅಷ್ಟರಲ್ಲಿ ಆರಿದ ಟೀವಿಯ ಗಾಜಿನಲ್ಲಿ ಅವರಿಗೆ ತಮ್ಮದೇ ಮುಖ ಕಂಡಿತು. ಥೇಟ್ ಆ ಗಯ್ಯಾಳಿಯದೇ. ತಟಕ್ಕನೆ ಸರಿಮಾಡಿಕೊಂಡರು.

"ಹೋಗು, ಕರೀತಿದಾರೆ," ಅಂದರು. ಆಮೇಲೆ ಸೆರಗು ಹಿಡಿದು ನಿಲ್ಲಿಸಿ, ದನಿ ತಗ್ಗಿಸಿದರು. "ಮನೇಲಿ ಮಾತ್ರ ತಲೆನೋವು ಅಂತ್ಲೇ ಹೇಳೋಣ. ಇದನ್ನೆಲ್ಲ ನನ್ನ ಮಗನ ಮುಂದೆ ಹೇಳೋ ಧೈರ್ಯ ನಂಗಿಲ್ಲಮ್ಮ."