ಕವಿಗೆ ಅಪಾಯ

ನಿಮ್ಮ ಮನೆಯಲ್ಲಿ ಯಾರಾದರೂ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆಯೇ? ಹಾಗಿದ್ದರೆ ಈ ಕಥೆ ನಿಮಗೆ ಆಗಲೇ ಅರ್ಧ ಗೊತ್ತು. ಉಳಿದರ್ಧ ಕೇಳಿ.

ಒಂದು ಬೀದಿಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿ ಪಕ್ಕ ಹೊಲಿಗೆ ಮಿಷನ್, ಗೋಡೆಯ ತುಂಬ ಮೊಳೆ, ಮೊಳೆಗೊಂದು ಅರೆಬರೆ ಹೊಲಿದ ಅಂಗಿ. ಬಾಗಿಲ ಹತ್ತಿರ ಒಂದು ಬೆತ್ತದ ಕುರ್ಚಿ. ಆ ಕುರ್ಚಿ ಅವರ ಯಜಮಾನರದು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಇಂಜಿನ್ ಪಕ್ಕ ಕೂತು ಕೂತು ಕಿವಿ ಮಂದವಾಗಿ, ಕಿವಿಗೊಂದು ಮಿಷನ್ ಬಂತು. ಬೀದಿಯವರಿಗೆ ಅವರು ಡ್ರೈವರಪ್ಪ.

ಟೈಲರಮ್ಮನ ಕಾಲು ಪೆಡಲ್ ಮೇಲಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಯಾರ ಅಂಗಿ ಬಿಗಿಯಾಯಿತು, ಯಾರ ಮಗಳಿಗೆ ಕೆಲಸ ಸಿಕ್ಕಿತು, ಇವತ್ತು ಬೆಕ್ಕು ಎಲ್ಲಿ ಮಲಗಿತ್ತು, ಎಲ್ಲವೂ ಬರಬೇಕು. ಕುರ್ಚಿಯಿಂದ ಹೊತ್ತುಹೊತ್ತಿಗೆ ‘ಹ್ಞೂಂ’ ಅಂತ ಉತ್ತರ ಬರುತ್ತಿತ್ತು. ಎಳೆದು ‘ಹ್ಞೂಂ...’ ಅಂದರೆ ನಂಬಿಕೆಯಿಲ್ಲ ಅಂತ ಅರ್ಥ. ಬೆನ್ನುಬೆನ್ನಿಗೆ ಎರಡು ಸಲ ಅಂದರೆ ನಗು ತಡೆದುಕೊಂಡಿದ್ದಾರೆ ಅಂತ. ಮದುವೆಯಾದಾಗಿನಿಂದ ಟೈಲರಮ್ಮ ಹೊಲಿದ ಬಟ್ಟೆಗೆಲ್ಲ ಒಂದೊಂದು ‘ಹ್ಞೂಂ’ ಸೇರಿಯೇ ಇದೆ ಎನ್ನಬೇಕು.

ಒಂದು ದಿನ ಆ ‘ಹ್ಞೂಂ’ ನಿಂತಿತು. ಡ್ರೈವರಪ್ಪನಿಗೇನೂ ಆಗಿರಲಿಲ್ಲ. ಕೆಟ್ಟದ್ದು ಮಿಷನ್.

“ಅಯ್ಯೋ, ಮಿಷನ್ ಕೆಟ್ಟೋಯ್ತು ಕಣ್ರೀ” ಎಂದು ಟೈಲರಮ್ಮ ಹೇಳಿದಾಗ ಗಿರಾಕಿಗಳೆಲ್ಲ ತಮ್ಮ ತಮ್ಮ ಬಟ್ಟೆ ವಾಪಸ್ ತೆಗೆದುಕೊಂಡು ಹೋಗಲು ಓಡಿ ಬಂದರು. ಹೊಲಿಯೋ ಮಿಷನ್ ಅಲ್ಲ, ಕೇಳೋ ಮಿಷನ್ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಎದುರಿನ ವಾಚ್ ರಿಪೇರಿಯವರು ಮಿಷನ್ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. “ಏನೂ ಆಗಿಲ್ಲ ಅಕ್ಕಾ. ಅಕ್ಕಿಕಾಳಿನಷ್ಟು ಒಂದು ಪಾರ್ಟು ಹೋಗಿದೆ. ಅದು ಸಿಕ್ಕಿದ್ರೆ ಹತ್ತು ನಿಮಿಷದ ಕೆಲಸ. ಆದ್ರೆ ಕಿವಿ ಮಿಷನ್ ಅಂಗಡಿಯೋರು ನನ್ನಂಥೋರಿಗೆ ಪಾರ್ಟು ಮಾರಲ್ಲ. ನೀವೇ ಹೋಗಿ ಕೇಳಿ ನೋಡಿ.”

ಟೈಲರಮ್ಮ ಹೋದರು. ಊರಲ್ಲಿ ಅಂಥ ಅಂಗಡಿ ಮೂರು. ಒಂದು ಆಸ್ಪತ್ರೆ ಎದುರು, ಒಂದು ಬಸ್ ನಿಲ್ದಾಣದ ಮೂಲೆಯಲ್ಲಿ, ಇನ್ನೊಂದು ಮೂರನೇ ಮಹಡಿಯಲ್ಲಿ. ಕಿವಿ ಕೇಳಿಸದವರಿಗೆ ಮೆಟ್ಟಿಲಾದರೂ ಹತ್ತಿಸೋಣ ಅಂತಿರಬೇಕು. ಮೂರೂ ಕಡೆ ಒಂದೇ ಮಾತು: ರಿಪೇರಿ ಇಲ್ಲ, ಪಾರ್ಟು ಇಲ್ಲ, ಹೊಸದೇ ತಗೊಳ್ಳಿ. ಮೂರೂ ಕಡೆ ಕೈಗೊಂದು ಅಚ್ಚು ಹಾಕಿದ ಚೀಟಿ ಕೊಟ್ಟು ಕಳಿಸಿದರು. ಹೊಸದು ಕೊಳ್ಳುವ ಶಕ್ತಿ ಈ ಮನೆಗೆ ಇರಲಿಲ್ಲ.

ಮೊದಮೊದಲು ಟೈಲರಮ್ಮ ಕೂಗಿ ಕೂಗಿ ಮಾತಾಡಿದರು. ಆದರೆ ಪಕ್ಕದ ಮನೆಯವರ ಸುದ್ದಿಯನ್ನು ಕೂಗಿ ಹೇಳಲಾಗುತ್ತದೆಯೇ? ಆಮೇಲೆ ಕಪ್ಪು ಬಟ್ಟೆಯ ಚೂರಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆದು ತೋರಿಸತೊಡಗಿದರು. ‘ಊಟಕ್ಕೆ ಬನ್ನಿ.’ ‘ಮಾತ್ರೆ ತಗೊಂಡ್ರಾ?’ ಬೇಕಾದ ಮಾತುಗಳನ್ನು ಬರೆಯಬಹುದು. ಬೇಡದ ಮಾತುಗಳನ್ನು ಬರೆಯಲು ಯಾರಿಗೆ ಪುರುಸೊತ್ತು? ಈ ಮನೆಯೋ, ಬೇಡದ ಮಾತುಗಳ ಮೇಲೇ ನಿಂತಿದ್ದ ಮನೆ. ಗಂಡ ಮಾರು ದೂರದಲ್ಲೇ ಕೂತಿರುತ್ತಿದ್ದರು. ಆದರೂ ಊರುಬಿಟ್ಟು ಹೋದವರಿಗಾಗಿ ಹಂಬಲಿಸಿದ ಹಾಗೆ ಟೈಲರಮ್ಮನ ಜೀವ ಅವರಿಗಾಗಿ ಹಂಬಲಿಸುತ್ತಿತ್ತು. ಕೆಲವು ಮಧ್ಯಾಹ್ನ ಅವರು ಪೆಡಲ್ ನಿಲ್ಲಿಸಿ ಸುಮ್ಮನೆ ಕುರ್ಚಿಯ ಕಡೆ ನೋಡುತ್ತ ಕೂರುತ್ತಿದ್ದರು.

ಹೀಗೇ ಏಳು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಲಾಯರಮ್ಮ ಬಂದರು. ಸರ್ಕಾರದ ಹಿರಿಯ ವಕೀಲರು. ಕರಿ ಕೋಟು ಹೊಲಿಸುವುದು ಮೊದಲಿನಿಂದಲೂ ಇಲ್ಲೇ. ಮೊಣಕೈ ಹತ್ತಿರ ಹಳೆಯ ಕೋಟು ಸವೆದು ಜಾಳಾಗಿತ್ತು.

ಟೈಲರಮ್ಮ ಟೇಪು ಹಿಡಿದು ಅಳತೆ ತೆಗೆದರು. ಬರೆದುಕೊಳ್ಳಲು ಡಬ್ಬಿಯಿಂದ ಒಂದು ಚೀಟಿ ಎಳೆದು, ಅದರ ಬೆನ್ನಿಗೆ ತೋಳು ಇಷ್ಟು, ಭುಜ ಇಷ್ಟು ಎಂದು ಗೀಚಿದರು. ಕಾಗದವನ್ನು ಸುಮ್ಮನೆ ಎಸೆಯುವ ಜಾಯಮಾನ ಅವರದಲ್ಲ.

ಲಾಯರಮ್ಮನ ಕಣ್ಣು ಚೀಟಿಯ ಮುಂಭಾಗಕ್ಕೆ ಬಿತ್ತು. ಓದಿ ಫಕ್ಕನೆ ನಕ್ಕರು.

“ಅಕ್ಕಾ, ಇದೇನಿದು? ‘ಹಳೆಯ ಯಂತ್ರವನ್ನು ರಿಪೇರಿ ಮಾಡಿ ಬಳಸಿದರೆ ಕವಿಗೆ ಅಪಾಯ.’ ಯಾವ ಕವಿಗೆ?”

“ಕವಿನಾ?” ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅಯ್ಯೋ, ಕಿವಿಗೆ ಅಂತ ಹಾಕೋಕೆ ಹೋಗಿ ಗುಡಿಸು ಬಿಟ್ಟಿದಾರೆ. ಕಿವಿ ಮಿಷನ್ ಅಂಗಡಿ ಚೀಟಿ ಅದು.”

“ಯಾವ ಅಂಗಡಿ?”

“ಅದು ಮೂಲೇದೋ ಮಹಡೀದೋ... ಮೂರು ಕಡೇದೂ ಇದೆ, ತಾಳಿ.” ಡಬ್ಬಿ ಮಗುಚಿದರು. ಇನ್ನೆರಡು ಚೀಟಿ ಸಿಕ್ಕವು. ಒಂದರ ಬೆನ್ನಿಗೆ ಯಾರದೋ ಪ್ಯಾಂಟಿನ ಅಳತೆ, ಇನ್ನೊಂದರ ಬೆನ್ನಿಗೆ ಶಾಲೆಯ ಮಕ್ಕಳ ಅಂಗಿಯ ಅಳತೆ.

ಲಾಯರಮ್ಮ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರು ಅಂಗಡಿ, ಮೂರು ಹೆಸರು, ಮೂರು ಬಣ್ಣದ ಕಾಗದ. ಮೂರರಲ್ಲೂ ಕವಿಗೇ ಅಪಾಯ. ಅವರ ನಗು ನಿಂತುಹೋಯಿತು.

“ಅಕ್ಕಾ, ಮೂರು ಮಕ್ಕಳು ಪರೀಕ್ಷೆಯಲ್ಲಿ ಒಂದೇ ತಪ್ಪು ಬರೆದ್ರೆ ಮೇಷ್ಟ್ರು ಏನಂತಾರೆ?”

“ಒಬ್ಬರದ್ದು ಒಬ್ಬರು ನೋಡ್ಕೊಂಡು ಬರೆದಿದಾರೆ ಅಂತಾರೆ.”

“ಇದೂ ಹಾಗೇ ಇರಬಹುದು. ಬರೀ ಚೀಟಿ ನೋಡಿ ತೀರ್ಮಾನ ಮಾಡೋಕಾಗಲ್ಲ, ವಿಚಾರಣೆ ಆಗ್ಬೇಕು. ಆದ್ರೆ ಅನುಮಾನ ಪಡೋಕೆ ಇಷ್ಟು ಧಾರಾಳ ಸಾಕು. ನಮ್ಮ ಇಲಾಖೆ ಕೆಲಸಾನೇ ಇದು. ಗ್ರಾಹಕರ ರಕ್ಷಣೆ, ವ್ಯಾಪಾರದಲ್ಲಿ ಸ್ಪರ್ಧೆ.”

“ಸ್ಪರ್ಧೆ ಅಂದ್ರೆ? ಓಟದ ಸ್ಪರ್ಧೆ ಥರಾನಾ?”

“ಅದೇ ಥರ ಅಂದ್ಕೊಳ್ಳಿ. ಅಂಗಡಿಯೋರು ಗಿರಾಕಿಗೋಸ್ಕರ ಓಡ್ಬೇಕು. ಒಬ್ಬ ರಿಪೇರಿ ಮಾಡಲ್ಲ ಅಂದ್ರೆ ಇನ್ನೊಬ್ಬ ‘ನಾನು ಮಾಡ್ತೀನಿ ಬನ್ನಿ’ ಅನ್ಬೇಕು. ಮೂವರೂ ಒಳಗೊಳಗೇ ಮಾತಾಡ್ಕೊಂಡು, ಯಾರೂ ಓಡೋದು ಬೇಡ ಅಂತ ಕೈಕೈ ಹಿಡ್ಕೊಂಡು ನಿಂತ್ರೆ? ಅದು ಕಾನೂನಿಗೆ ವಿರುದ್ಧ. ಓಡೋ ಕೆಲಸ ಆಗ ನಿಮಗೆ ಬೀಳುತ್ತೆ, ಮೂರನೇ ಮಹಡಿ ತನಕ.”

ಟೈಲರಮ್ಮ ನಿಟ್ಟುಸಿರು ಬಿಟ್ಟರು. “ಹೋಗ್ಲಿ ಬಿಡಿ. ಹೆಂಗೋ ಅಡ್ಜಸ್ಟ್ ಮಾಡ್ಕೊಂಡು ಹೋಗ್ತಾ ಇದೀವಿ.”

“ಅವರೂ ಅಡ್ಜಸ್ಟ್ ಮಾಡ್ಕೊಂಡಿರೋ ಹಾಗಿದೆ, ಅವರವರಲ್ಲೇ. ನೀವು ದೂರು ಬರೆದು ಕೊಡಿ.”

“ನೀವೇ ಇದೀರಲ್ಲ, ಒಂದು ಮಾತು ಹೇಳಿಬಿಡಿ. ಕೋಟು ಹೊಲಿದಿದ್ದಕ್ಕೆ ಏನೂ ಕೊಡ್ಬೇಡಿ.”

“ಕೋಟಿಗೆ ಎಲ್ಲರೂ ಕೊಡೋದನ್ನೇ ನಾನೂ ಕೊಡ್ತೀನಿ.” ಲಾಯರಮ್ಮ ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಿದರು. “ನಾನು ನಿಮ್ಮ ಲಾಯರಲ್ಲ ಅಕ್ಕಾ, ಸರ್ಕಾರದ ಲಾಯರು. ನಾನು ನಿಮಗೆ ಗೊತ್ತಿರೋಳು, ಹಾಗಾಗಿ ವಿಚಾರಣೆ ಬೇರೆಯೋರು ಮಾಡ್ತಾರೆ. ಬಿಡಿಭಾಗ ಸಿಗೋ ಹಾಗೆ ನಿಯಮ ಬರೆಯೋ ಕೆಲಸ ಮಾತ್ರ ನನ್ನ ಮೇಜಿಗೆ ಬಂದಿದೆ. ಆ ಮೇಜಿನ ಮೇಲೆ ಏನಿದೆ ಗೊತ್ತಾ? ಅಂಗಡಿಯೋರ ಸಂಘದಿಂದ ಬಂದ ಕಾಗದ, ಕಂಪನಿಯೋರ ಕಾಗದ, ಗುಡ್ಡೆ ಬಿದ್ದಿದೆ. ಮನೆಯೋರು ಬರೆದಿದ್ದು ಒಂದೂ ಇಲ್ಲ. ಒಂದಾದ್ರೂ ಬರಲಿ ಅಂತ ದಿನಾ ಕಾಯ್ತೀನಿ.”

“ನಮ್ಮಂಥೋರು ಬರೆದಿದ್ದನ್ನ ಯಾರು ಓದ್ತಾರೆ ಲಾಯರಮ್ಮಾ? ಆಮೇಲೆ ಕೋರ್ಟು, ಕಚೇರಿ, ಅಲೆದಾಟ. ನನಗೆ ಹೊಲಿಯೋ ಬಟ್ಟೆನೇ ರಾಶಿ ಇದೆ.”

ಲಾಯರಮ್ಮ ಉತ್ತರ ಕೊಡುವ ಮೊದಲೇ ಬೆತ್ತದ ಕುರ್ಚಿ ಕಿರ್ರೆಂದಿತು. ಡ್ರೈವರಪ್ಪ ಎದ್ದು ಬಂದರು. ಮಾತು ಕೇಳಿಸದಿದ್ದರೂ ಮೇಜಿನ ಮೇಲಿನ ಚೀಟಿ ಕಣ್ಣಿಗೆ ಬಿದ್ದಿದ್ದವು. ಒಂದೊಂದೇ ಓದಿ ಲಾಯರಮ್ಮನ ಕಡೆ ನೋಡಿದರು. ಅವರು ಗಾಳಿಯಲ್ಲೇ ಬರೆಯುವ ಹಾಗೆ ಕೈಯಾಡಿಸಿ ಟೈಲರಮ್ಮನ ಕಡೆ ಬೆರಳು ತೋರಿಸಿದರು. ಆಮೇಲೆ ಡ್ರೈವರಪ್ಪ ಕಪ್ಪು ಬಟ್ಟೆಯ ಚೂರು, ಸೀಮೆಸುಣ್ಣ ಎರಡನ್ನೂ ಹತ್ತಿರ ಎಳೆದುಕೊಂಡರು. ಸ್ಟೇರಿಂಗ್ ಹಿಡಿದ ಕೈ, ಅಕ್ಷರ ದಪ್ಪದಪ್ಪ. ನಿಧಾನವಾಗಿ ಬರೆದು ಹೆಂಡತಿಯ ಕಡೆ ತಿರುಗಿಸಿದರು.

‘ಬರಿ. ಬೆಕ್ಕಿನ ಸುದ್ದಿ ಕೇಳಿ ಏಳು ತಿಂಗಳಾಯ್ತು.’

ಟೈಲರಮ್ಮ ಓದಿದರು. ಇನ್ನೊಮ್ಮೆ ಓದಿದರು. ಹಂಬಲಿಸುತ್ತಿದ್ದುದು ತಾನೊಬ್ಬಳೇ ಅಂತ ಅವರು ತಿಳಿದುಕೊಂಡಿದ್ದರು. ಆ ಕುರ್ಚಿಯಲ್ಲಿ ಕೂತವರೂ ಇಷ್ಟು ದಿನ ತನ್ನ ಬಾಯನ್ನೇ ನೋಡುತ್ತ, ಏನು ಹೇಳುತ್ತಾಳೋ ಅಂತ ಕಾದಿದ್ದರು ಎನ್ನುವುದು ಈಗ ಗೊತ್ತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, “ಪೆನ್ನು ಕೊಡಿ ಇತ್ಲಾಗೆ” ಎಂದರು.

ದೂರು ಒಂದೇ ಪುಟದ್ದು. ಯಾವ ದಿನ, ಯಾವ ಅಂಗಡಿಗೆ ಹೋದೆ, ಯಾರು ಏನಂದರು, ಅಷ್ಟೇ. ಮೂರು ಚೀಟಿಯ ಪ್ರತಿ ಜೊತೆಗಿಟ್ಟರು. ಪಾರ್ಟು ಕೊಡಲಿಲ್ಲ ಎಂದು ವಾಚ್ ರಿಪೇರಿಯವರೂ ಇನ್ನೊಂದು ಪುಟ ಬರೆದುಕೊಟ್ಟರು. ಇಲಾಖೆಯ ಕಚೇರಿಗೆ ಹೋಗಿ ಕೊಟ್ಟು, ತಲುಪಿದೆ ಅಂತ ಮುದ್ರೆ ಹಾಕಿಸಿಕೊಂಡು ಬಂದರು. ವಕೀಲರನ್ನು ಹಿಡಿಯುವ ಅಗತ್ಯ ಬೀಳಲಿಲ್ಲ.

ಕೆಲಸ ಕೂಡಲೇ ಆಯಿತು ಅಂದರೆ ಸುಳ್ಳಾಗುತ್ತದೆ. ಒಂದು ಪತ್ರ ಬಂತು. ಒಬ್ಬ ಅಧಿಕಾರಿ ಬಂದು ಮೂಲ ಚೀಟಿಗಳನ್ನು ಕೇಳಿದರು. ಪ್ಯಾಂಟಿನ ಅಳತೆ ಇನ್ನೊಂದು ಕಡೆ ಬರೆದುಕೊಂಡು ಟೈಲರಮ್ಮ ಕೊಟ್ಟರು. ಸುದ್ದಿ ತಿಳಿದು ಬೇರೆ ಬೀದಿಗಳ ಮನೆಗಳಿಂದಲೂ ಅಂಥವೇ ಚೀಟಿ ಹೊರಬಂದವು, ಎಲ್ಲದರಲ್ಲೂ ಕವಿ. ವಿಚಾರಣೆಯಲ್ಲಿ ಮೂರೂ ಅಂಗಡಿಯವರು ಒಟ್ಟಿಗೆ ಕೂತು, ಒಂದೇ ಕಡೆ ಚೀಟಿ ಅಚ್ಚು ಹಾಕಿಸಿದ್ದು ಬಯಲಾಯಿತು. ದಂಡ ಬಿತ್ತು. ರಿಪೇರಿಗೆ ಬೇಕಾದ ಬಿಡಿಭಾಗವನ್ನು ಕೇಳಿದವರಿಗೆ ಮಾರಬೇಕು ಎಂದು ಆದೇಶವಾಯಿತು.

ಐದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ವಾಚ್ ರಿಪೇರಿಯವರು ಮಿಷನ್ ತಂದುಕೊಟ್ಟು ಹೋದರು. ಹತ್ತು ನಿಮಿಷದ ಕೆಲಸ ಅಂದಿದ್ದರು, ಎಂಟೇ ನಿಮಿಷ ಹಿಡಿಯಿತಂತೆ. ಡ್ರೈವರಪ್ಪ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತರು.

ಟೈಲರಮ್ಮ ಪೆಡಲ್ ಮೇಲೆ ಕಾಲಿಟ್ಟರು. ಒಂದು ವರ್ಷದ ಮಾತು ಒಳಗೆ ಒತ್ತರಿಸಿಕೊಂಡಿತ್ತು, ಯಾವುದು ಮೊದಲು ಅಂತ ಹೊಳೆಯಲಿಲ್ಲ. ಬಾಯಿಗೆ ರೂಢಿ ತಪ್ಪಿಹೋಗಿತ್ತು. ಕೈ ತಾನಾಗಿಯೇ ಸೀಮೆಸುಣ್ಣದ ಕಡೆ ಹೋಯಿತು.

ಡ್ರೈವರಪ್ಪ ಎದ್ದು ಬಂದು ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಮತ್ತೆ ಹೋಗಿ ಕೂತರು.

“ಹ್ಞೂಂ,” ಎಂದರು. “ಹೇಳು. ಬೆಕ್ಕು ಎಲ್ಲಿ ಮಲಗಿತ್ತು?”

ಓದಿದವರೇ, ಕೇಳಿದವರೇ, ಈಗ ನಿಮ್ಮ ಮನೆಗೆ ಬರೋಣ. ನಿಮ್ಮಲ್ಲೂ ಏನೋ ಒಂದು ಕೆಟ್ಟು ಕೂತಿರಬಹುದು, ಎಲ್ಲ ಅಂಗಡಿಯವರೂ ಒಂದೇ ಪಾಠ ಒಪ್ಪಿಸಿ ನಿಮ್ಮನ್ನು ವಾಪಸ್ ಕಳಿಸಿರಬಹುದು. ಆ ಚೀಟಿ ಎಸೆಯಬೇಡಿ. ಚೀಟಿ ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ. ಪಕ್ಕದ ಮನೆಯವರ ಚೀಟಿಯ ಪಕ್ಕ ಇಟ್ಟು ನೋಡಿ. ನಂತರ ಕಂಡದ್ದನ್ನು ಕಂಡ ಹಾಗೆ ಒಂದು ಪುಟ ಬರೆದು ಗ್ರಾಹಕ ರಕ್ಷಣೆಯ ಕಚೇರಿಗೆ ಕೊಡಿ. ಅಲ್ಲಿ ಒಬ್ಬರು ಅಂಗಡಿಯವರ ಕಾಗದದ ಗುಡ್ಡೆಯ ಮುಂದೆ ಕೂತು, ನಿಮ್ಮ ಮನೆಯ ಆ ಒಂದು ಪುಟಕ್ಕಾಗಿ ಕಾಯುತ್ತಿದ್ದಾರೆ. ಅಡ್ಜಸ್ಟ್ ಮಾಡಿಕೊಂಡದ್ದು ಸಾಕು, ಬರೆಯಿರಿ.