ಕೆಮ್ಮಣ್ಣಿನ ತೊಗರಿ

ಮೃದುಲಾ ಹೆಸರಿಗಷ್ಟೇ ಮೃದು. ಕೋಟನೂರಿನ ಸೈಟಿನಲ್ಲಿ ಸ್ವಂತ ಮನೆಗೆ ಪಾಯ ತೋಡಿದ ದಿನವೇ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಯ ಅಡುಗೆಗೂ ಕಾಯಿದೆ ಬಂತು. ಗೋಡೆ ಏಳುವ ತನಕ ಹಾಲು ಬಂದ್, ಮೊಸರು ಬಂದ್, ತುಪ್ಪವಂತೂ ಹೆಸರೆತ್ತುವಂತಿಲ್ಲ. ನೆಲದಲ್ಲಿ ಬೆಳೆದದ್ದನ್ನೇ ಉಣ್ಣಬೇಕು, ಅದರಲ್ಲೂ ಸಸ್ತಾ ಇದ್ದದ್ದನ್ನು. ಸೋಮವಾರ ಪುಂಡಿಪಲ್ಯ, ಮಂಗಳವಾರ ಮಡಿಕೆ ಕಾಳು, ನಡುನಡುವೆ ಶೇಂಗಾ ರುಬ್ಬಿ ತೆಗೆದ, ಮಜ್ಜಿಗೆ ಎಂದು ಕರೆಸಿಕೊಳ್ಳುವ ಒಂದು ಬಿಳಿ ನೀರು. ಆರು ತಿಂಗಳಿನ ಮಟ್ಟಿಗೆ ಎಂದು ಗಂಡ ರಘೂತ್ತಮ ಒಪ್ಪಿದ. ಒಪ್ಪಿದ್ದೇ ತಪ್ಪಾಯಿತು, ತುಪ್ಪ ಹೋಯಿತು ಎಂದು ಆಮೇಲೆ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ರಘೂತ್ತಮನ ಗಂಟಲಿನಲ್ಲಿ ಒಂದು ಊರೇ ಇತ್ತು. ಯಾರ ಧ್ವನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಅವನದಾಗುತ್ತಿತ್ತು. ಮೂಲೆಯಲ್ಲಿ ಆಟೋ ನಿಲ್ಲಿಸುವ ಮಜರ್‌ನನ್ನು ಟ್ರಾಫಿಕ್ ಪೊಲೀಸನ ದನಿಯಲ್ಲಿ ಬೆದರಿಸಿ ಸಲಾಮು ಹೊಡೆಸಿಕೊಂಡಿದ್ದ. ಕೆಳಗಿನ ಮನೆಯ ಸಕೀನಾಗೆ ಕರೆಂಟಿನ ಆಫೀಸಿನವನಾಗಿ ಫೋನು ಮಾಡಿ, ಹಾಡಹಗಲೇ ಮೇಣದಬತ್ತಿ ಹುಡುಕಿಸಿದ್ದ. ಹೊಸ ಅಡುಗೆ ಶುರುವಾದ ಮೇಲೆ ಅವನ ಬಾಣಗಳೆಲ್ಲ ಹೆಂಡತಿಯ ಕಡೆ ತಿರುಗಿದವು. ಒಮ್ಮೆ ಡಾಕ್ಟರಾಗಿ ಫೋನು ಮಾಡಿ, “ಬಾಯಾರ, ನಿಮ್ಮ ಮನಿಯವರ ರಕ್ತದಾಗ ತುಪ್ಪ ಕಡಿಮಿ ಆಗೇದ್ರಿ” ಎಂದ. ಇನ್ನೊಮ್ಮೆ ಹಾಲಿನ ಸಂಘದವನಾಗಿ, “ನೀವು ಬಿಟ್ಟಾಗಿಂದ ಎಮ್ಮಿಗೋಳು ಮೇವು ಬಿಟ್ಟಾವ್ರಿ” ಎಂದ. ಮೊದಲೆರಡು ಸಲ ಮೃದುಲಾ ನಂಬಿದ್ದಳು. ಆಮೇಲೆ ನಂಬುವುದನ್ನೇ ಬಿಟ್ಟಳು. ಮಗಳು ಅನುರಾಧಾ ಮಾತ್ರ ಅಪ್ಪನ ಪಕ್ಕ ಕುಳಿತು ವಿದ್ಯೆ ಕಲಿಯುತ್ತಿದ್ದಳು. ಅವಳು ಸುಳ್ಳೇ ಹೊಟ್ಟೆ ಹಿಡಿದು ಬಿದ್ದರೆ ಶಾಲೆಯ ಟೀಚರೂ ಗಾಬರಿಯಾಗುತ್ತಿದ್ದರು.

ಆ ಭಾನುವಾರ ರಘೂತ್ತಮ ಹೊಲದ ಮೋಟಾರು ರಿಪೇರಿ ಮಾಡಿಸಲು ಕಮಲಾಪುರಕ್ಕೆ ಹೋಗಿದ್ದ. ಬಿತ್ತನೆಯ ದಿನಗಳಾದ್ದರಿಂದ ಅವನ ತಾಯಿ ಪಾರ್ವತೀಬಾಯಿ ಅಲ್ಲಿಯ ಮನೆಯಲ್ಲೇ ಇದ್ದಳು. ಹಿಂದಿನ ವಾರ ಬಂದಾಗ ರಘೂತ್ತಮ ಆ ಮನೆಯ ಅಟ್ಟ ಹತ್ತಿ ಒಂದು ಡಬ್ಬಿ ತೊಗರಿ ಒಯ್ದಿದ್ದ. ಪಾರ್ವತೀಬಾಯಿ ವರ್ಷಾವರ್ಷ ಮನೆ ಖರ್ಚಿನ ತೊಗರಿಗೆ ಕೆಮ್ಮಣ್ಣು ಕಲಸಿ ಬಳಿದು, ಒಣಗಿಸಿ ಇಡುತ್ತಿದ್ದಳು. ಮಣ್ಣು ಕಟ್ಟಿದ ಕಾಳಿಗೆ ಹುಳ ಹತ್ತುವುದಿಲ್ಲ. ಬೇಕಾದಾಗ ತೊಳೆದರೆ ಆಯಿತು. ಪುಕ್ಕಟೆ ಸಿಕ್ಕ ತೊಗರಿ ಕಂಡು ಮೃದುಲಾ ಭಾನುವಾರದ ಊಟಕ್ಕೆ ಮೊಳಕೆ ಕಾಳಿನ ಉಸುಳಿ ಎಂದು ಸಾರಿಬಿಟ್ಟಿದ್ದಳು.

ಕಟ್ಟೆಯ ಮೇಲೆ ಕುಳಿತ ರಘೂತ್ತಮ, ಹೆಂಡತಿ ಕಾಳು ನೆನೆಹಾಕಿದ ದಿನ ಕಳಿಸಿದ್ದ ಫೋಟೋವನ್ನು ತಾಯಿಗೆ ತೋರಿಸಿದ. “ನೋಡು ಆಯಿ, ನಿನ್ನ ಸೊಸಿ ಗುಲಾಬಿ ಶರಬತ್ತು ಮಾಡ್ಯಾಳ.”

ಪಾರ್ವತೀಬಾಯಿ ಕನ್ನಡಕ ಏರಿಸಿ ನೋಡಿದಳು. ನಗಲಿಲ್ಲ.

“ಮಣ್ಣೆಲ್ಲಿ, ರಘು?”

“ಯಾವ ಮಣ್ಣು?”

“ಕೆಮ್ಮಣ್ಣು ನೀರಾಗ ಬಿದ್ರ ತಳಕ್ಕ ಕೂಡ್ತದ. ಇಲ್ಲಿ ತಳ ಸ್ವಚ್ಛದ, ನೀರೇ ಬಣ್ಣ ಆಗೇದ. ಇದು ನನ್ನ ಕಾಳಲ್ಲ.”

ಮೋಟಾರಿನ ಹತ್ತಿರ ನಿಂತಿದ್ದ ಖಂಡೆಪ್ಪ, ಹೊಲ ಮಾಡುವವನು, ಕೈ ಒರೆಸಿಕೊಳ್ಳುತ್ತ ಬಂದ. ಅವನ ಮುಖ ನೋಡಿ ರಘೂತ್ತಮ ಕಟ್ಟೆಯಿಂದ ಇಳಿದ.

“ರಾಯರ, ಅಟ್ಟದ ಮ್ಯಾಗಿನ ಡಬ್ಬಿ ಒಯ್ದಿರೇನ್ರಿ? ಅದು ಬಿತ್ತಿ ಉಳಿದ ಬೀಜ್ರಿ. ಔಷಧ ಹಚ್ಚಿದ್ದು. ಹುಡುಗರ ಕೈಗಿ ಸಿಗಬಾರ್ದು ಅಂತ ಮ್ಯಾಲಿಟ್ಟಿದ್ದೆ. ಕೋಳಿ ತಿಂದ್ರ ಕೋಳಿ ಉಳಿಯಂಗಿಲ್ರಿ.”

ಅಂದು ಅಟ್ಟ ಕತ್ತಲಾಗಿತ್ತು. ಎರಡು ಡಬ್ಬಿ ಪಕ್ಕಪಕ್ಕ ಇದ್ದವು, ಎರಡರಲ್ಲೂ ಕೆಂಪು ಕಾಳು. ಕೈಗೆ ಹತ್ತಿದ ಘಾಟು ವಾಸನೆಯನ್ನು ಅವನು ಪ್ಯಾಂಟಿಗೆ ಒರೆಸಿಕೊಂಡಿದ್ದ. ಈಗ ಆ ವಾಸನೆ ಮೂಗಿಗೆ ಮರಳಿ ಬಂತು.

ಫೋನು ಹಚ್ಚಿದ.

“ಮೃದುಲಾ, ಆ ಉಸುಳಿ ಯಾರೂ ತಿನಬ್ಯಾಡ್ರಿ. ವಿಷದ ಕಾಳದ ಅದು.”

“ಇವತ್ತು ಯಾರು ಮಾತಾಡಾಕತ್ತಾರ? ಡಾಕ್ಟರೋ, ಎಮ್ಮಿಯವರೋ?”

“ನಾನ. ರಘು.”

“ರಘೂಂದು ನಕಲ ಭಾಳ ಛಲೋ ಮಾಡ್ತೀರಿ. ಗಂಟಲಾಗ ಸ್ವಲ್ಪ ಅಳು ಜಾಸ್ತಿ ಆತು.”

“ಖರೇನ ಹೇಳಾಕತ್ತೀನಿ. ಅನೂನ ಆಣಿ.”

“ಎಮ್ಮಿ ಉಪಾಸ ಬಿದ್ದಾಗೂ ಅನೂನ ಆಣೀನೇ ಹಾಕಿದ್ರಿ.” ಅವಳ ದನಿಯ ಹಿಂದೆ ತಟ್ಟೆ ಬಟ್ಟಲುಗಳ ಸಪ್ಪಳ ಕೇಳಿಸುತ್ತಿತ್ತು. “ನಿಮ್ಮ ಬ್ಯಾಳಿ ನನ್ನ ಹತ್ರ ಬೇಯೂದಿಲ್ಲ. ನನ್ನ ಕಾಳು ಮಾತ್ರ ಬೆಂದದ.”

ಪಾರ್ವತೀಬಾಯಿ ಫೋನು ಕಸಿದುಕೊಂಡಳು. “ಮೃದುಲಾ, ನಾ ಹೇಳೂದು ಕೇಳವಾ. ಅದನ್ನ ಚೆಲ್ಲು.” ಗಾಬರಿಗೆ ಕೆಮ್ಮು ಒತ್ತರಿಸಿ ಬಂತು.

ಆ ಕಡೆ ಮೃದುಲಾ ಮನಸಾರೆ ನಕ್ಕಳು. “ಅತ್ತೆಯವರ ಕೆಮ್ಮು ಸೈತ ಕಲ್ತ್ರೇನು? ಇವತ್ತಿನ ಆಟ ಎಲ್ಲಾಕಿಂತ ಛಲೋ ಬಂತು ನೋಡ್ರಿ. ಸಾಕು, ಹುಡುಗಿ ಹಸದಾಳ. ಫೋನ ಬಂದ್ ಮಾಡ್ತೀನಿ.”

ಹೇಳಿದಂತೆಯೇ ಮಾಡಿದಳು. ಆಮೇಲೆ ಎಷ್ಟು ಹಚ್ಚಿದರೂ ಸ್ವಿಚ್ ಆಫ್.

ಸಕೀನಾಗೆ ಹಚ್ಚಿದ. “ಆಪಾ, ಮ್ಯಾಲ ಓಡ್ರಿ. ಉಸುಳಿ ತಿನ್ನೋದು ನಿಲ್ಲಸ್ರಿ.”

“ಅರೆ ಭಾಯ್, ಇವತ್ತು ಯಾವ ಆಫೀಸು?” ಸಕೀನಾ ಬಾಯಿತುಂಬ ಏನನ್ನೋ ಅಗಿಯುತ್ತಿದ್ದಳು. “ನಿಮ್ಮ ಬೀಬಿ ನನಗೂ ಒಂದ್ ಬಟ್ಟಲ ಕಳಿಸ್ಯಾಳ. ಸ್ವಲ್ಪ ಕಹಿ ಅದ, ಖರೇ, ಲಿಂಬಿಹಣ್ಣು ಹಿಂಡಿದ್ರ ನಡೀತದ.”

“ಉಗುಳ್ರಿ ಅದನ್ನ.”

“ಈ ಸಲ ಮೇಣಬತ್ತಿ ಬ್ಯಾಡೇನು?” ಎಂದು ನಕ್ಕು ಅವಳೂ ಫೋನು ಇಟ್ಟಳು.

ಹುಮನಾಬಾದ ರಸ್ತೆಯಲ್ಲಿ ಬೈಕು ಕಲಬುರಗಿಯ ಕಡೆ ಓಡಿತು. ಮೋಡ ಕವಿದಿತ್ತು, ಮಳೆ ಬೀಳುತ್ತಿರಲಿಲ್ಲ. ಎರಡೂ ಬದಿ ಹೊಸದಾಗಿ ಬಿತ್ತಿದ ಕರಿ ಹೊಲಗಳು, ಅವುಗಳೊಳಗೆಲ್ಲ ಅದೇ ಕೆಂಪು ಬೀಜ. ಯಾರ ದನಿಯಲ್ಲಿ ಹೇಳಿದ್ದರೆ ಅವಳು ನಂಬುತ್ತಿದ್ದಳು ಎಂದು ರಘೂತ್ತಮ ಹುಡುಕುತ್ತ ಹೋದ. ಮಾವನದು, ಮನೆ ಮಾಲೀಕನದು, ಶಾಲೆಯ ಹೆಡ್‌ಮಾಸ್ತರದು. ಒಂದೊಂದೂ ಬಳಸಿ ಮುಗಿದಿತ್ತು. ಹೆಲ್ಮೆಟ್ಟಿನೊಳಗೆ ತನ್ನ ಸ್ವಂತ ದನಿಯಲ್ಲಿ ಒಮ್ಮೆ “ಅನೂ” ಎಂದು ಕರೆದು ನೋಡಿದ. ಅದೂ ಯಾರದೋ ನಕಲಿನಂತೆ ಕೇಳಿಸಿತು.

ಮೆಟ್ಟಿಲು ಹತ್ತುವಾಗ ಸಕೀನಾಳ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೂ ಕಾಣಲಿಲ್ಲ. ಮೇಲೆ ತನ್ನ ಮನೆಯಿಂದ ನಗು ಕೇಳಿಸಿತು, ಮೃದುಲಾಳ ನಗು. ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಅನುರಾಧಾ ಪಡಸಾಲೆಯ ನೆಲದ ಮೇಲೆ ಮೊಳಕಾಲು ಮಡಚಿ, ಹೊಟ್ಟೆ ಹಿಡಿದು ಮಲಗಿದ್ದಳು. ಮೃದುಲಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಬಂದ್ರಿ? ನೋಡ್ರಿ ನಿಮ್ಮ ಶಿಷ್ಯಳ್ನ. ಅಪ್ಪ ಉಸುಳಿಗಿ ವಿಷ ಅಂದಾನ ಅಂತ ಹೇಳಿದ್ದ ತಡ, ಎರಡು ಸಲ ಹಾಕಿಸ್ಕೊಂಡು ತಿಂದು ಹಿಂಗ ನಾಟಕ ಹೂಡ್ಯಾಳ. ಏಳ ಅಂದ್ರ ಏಳವಲ್ಲಳು.”

“ನೀ ತಿಂದಿಯೇನು?”

“ನಿಮಗ ಬಿಟ್ಟು ತಿಂತೀನೇನು? ಮುಚ್ಚಿಟ್ಟೀನಿ, ಕೈ ತೊಳ್ಕೊಂಡು ಬರ್ರಿ.”

ರಘೂತ್ತಮ ಮಗಳ ಪಕ್ಕ ಕುಕ್ಕರಿಸಿ ಹಣೆ ಮುಟ್ಟಿದ. ಕೈ ಒದ್ದೆಯಾಯಿತು. ತಣ್ಣಗಿನ ಬೆವರು. ನರಳಿಕೆ ಅವನೇ ಕಲಿಸಿದ್ದು, ಕಣ್ಣು ತೇಲಿಸುವುದೂ ಅವನೇ ಕಲಿಸಿದ್ದು. ಬೇಕೆಂದಾಗ ಬೆವರು ತರಿಸುವುದು ಯಾವ ಕಲಾವಿದನಿಗೂ ಬರುವುದಿಲ್ಲ.

“ಇಬ್ಬರೂ ಏಳ್ರಿ, ಸಾಕು,” ಎಂದಳು ಮೃದುಲಾ.

ಆಗ ಕೆಳಗಿನಿಂದ ಸಪ್ಪಳ ಬಂತು. ಯಾರೋ ಕರುಳು ಕಿತ್ತು ಬರುವಂತೆ ವಾಂತಿ ಮಾಡುತ್ತಿದ್ದರು, ನಡುವೆ ಪಾತ್ರೆಯೊಂದು ಉರುಳಿತು. ಸಕೀನಾ ಹುಟ್ಟಿದಾಗಿನಿಂದ ಯಾರ ನಕಲನ್ನೂ ಮಾಡಿದವಳಲ್ಲ.

ಮೃದುಲಾಳ ನಗು ಮುಖದ ಮೇಲೆಯೇ ನಿಂತುಬಿಟ್ಟಿತು.

“ಅಪ್ಪಾ,” ಎಂದಳು ಅನುರಾಧಾ, ತುಟಿ ಅಲ್ಲಾಡಿಸದೆ, “ನಾ ನಕಲ ಮಾಡಾಕತ್ತಿಲ್ಲ.”

ಅವಳನ್ನು ಎತ್ತಿಕೊಂಡು ಅವನು ಮೆಟ್ಟಿಲಿಳಿದು ರಸ್ತೆಗೆ ಓಡಿದ. ಹಿಂದೆ ಮೃದುಲಾ ಸಕೀನಾಳ ಬಾಗಿಲು ಬಡಿದು ಕೂಗುತ್ತಿದ್ದಳು. ಮೂಲೆಯಲ್ಲಿ ಮಜರ್ ಆಟೋಕ್ಕೆ ಒರಗಿ ಚಹಾ ಕುಡಿಯುತ್ತಿದ್ದ.

“ಮಜರ್ ಭಾಯ್, ದವಾಖಾನಿ, ಲಗೂ,” ಎಂದು ರಘೂತ್ತಮ ಚೀರಿದ.

ಮಜರ್ ತಿರುಗಿ ನೋಡಿದ. ಅಪ್ಪನ ತೋಳಲ್ಲಿ ತಲೆ ಜೋತುಬಿದ್ದ ಮಗಳು, ಬಾಯಿ ತೆರೆದ ಅಪ್ಪ. ಅವನ ಮುಖ ತುಂಬ ನಗು ಅರಳಿತು. ಗ್ಲಾಸು ಕೆಳಗಿಡದೆ ಇನ್ನೊಂದು ಕೈ ಹಣೆಗೊಯ್ದು ಸಲಾಮು ಹೊಡೆದ.

“ಇವತ್ತು ಯಾರದು ನಕಲ, ರಾಯರ?” ಎಂದ. “ಹುಡುಗಿ ಭಾರಿ ಮಾಡಾಕತ್ತಾಳ.”