ಟೋಪಿಯವನ ತಾಯಿ

"ಇವ್ನ ತಾಯಿ ಎಲ್ಲೋದ್ಲು?"

ಅಕ್ಕಯಮ್ಮ ಯಾರನ್ನೂ ಕೇಳಿದ್ದಲ್ಲ. ಪರದೆಯ ಮೇಲೆ ಟೋಪಿಯವನು ಆಗಷ್ಟೇ ಇಬ್ಬರನ್ನು ಗುಂಡಿಕ್ಕಿ ಕೆಡವಿ ಬಂದು ಊಟಕ್ಕೆ ಕೂತಿದ್ದ. ದೇವನಹಳ್ಳಿಯ ಸಿನಿಮಾ ಟೆಂಟಿನೊಳಗೆ ಮರಳ ಮೇಲೆ ಕೂತ ಜನ ಉಸಿರು ಬಿಗಿಹಿಡಿದಿದ್ದರು. ಆ ಮೌನದಲ್ಲಿ ಅವಳ ಮಾತು ಗಂಡಸರ ಕಡೆಯವರೆಗೂ ಹೋಯಿತು.

"ಇಂಥವನ್ನ ಹೆತ್ತೋಳು ಯಾವ ಮುಖ ಇಟ್ಕೊಂಡು ಬತ್ತಾಳೆ ಬುಡು!" ಎಂದು ಗಾಡಿ ಬೈರಣ್ಣ ನಕ್ಕ. ಕೇಳಿದವಳು ಯಾರೆಂದು ಕತ್ತಲಲ್ಲಿ ಅವನಿಗೆ ಕಂಡಿರಲಿಲ್ಲ.

ಅದು ಇಂಗ್ಲಿಷ್ ಸಿನಿಮಾ. ಯುದ್ಧ ಮುಗಿದು ಸೋಲ್ಜರುಗಳು ಹೊರಟುಹೋದ ಮೇಲೆ ದಂಡಿನ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಟೆಂಟಿನ ಮುನಿಶಾಮಪ್ಪ ತಂದಿದ್ದ. ಮಾತು ಯಾರಿಗೂ ತಿಳಿಯದು. ಅದಕ್ಕೇ ಶ್ರಾವಣದಲ್ಲಿ ಆಂಜನೇಯನ ಗುಡಿಯಲ್ಲಿ ಪದ್ಯ ಓದಿ ಅರ್ಥ ಹೇಳುವ ಗೋಪಾಲಪ್ಪನವರನ್ನು ಪರದೆಯ ಪಕ್ಕದಲ್ಲಿ ಕೂರಿಸಿ, ಕೂಗಿ ಹೇಳುವುದಕ್ಕೆ ಕೈಗೊಂದು ತಗಡಿನ ಕಹಳೆ ಕೊಟ್ಟಿದ್ದ. ಇಂಗ್ಲಿಷು ಅವರಿಗೂ ಬಾರದು. ಗುಮಾಸ್ತರೊಬ್ಬರು ಬೆಳಿಗ್ಗೆ ಕಥೆ ಹೇಳಿಕೊಟ್ಟಿದ್ದರು: ದರೋಡೆಕೋರ, ಕೊಲೆಗಡುಕ, ಕೊನೆಗೆ ಜೊತೆಗಾರರ ಕೈಯಲ್ಲೇ ಸತ್ತ, ಪೀಡೆ ತೊಲಗಿತು. ಅಷ್ಟನ್ನೇ ಗೋಪಾಲಪ್ಪನವರು ಹಿಗ್ಗಿಸಿ, "ನೋಡಿ, ಈ ಪಾಪಿಯ ದರ್ಪ ನೋಡಿ" ಎಂದು ಕೂಗುತ್ತಿದ್ದರು.

ಎರಡು ವರ್ಷದ ಹಿಂದೆ ಅಕ್ಕಯಮ್ಮನ ಮಗ ಪಿಳ್ಳಣ್ಣನೂ ಹೀಗೇ ಹೋಗಿದ್ದ. ಸಂತೆಯಿಂದ ಬರುವ ಗಾಡಿಗಳನ್ನು ಆವತಿ ಬೆಟ್ಟದ ತಿರುವಿನಲ್ಲಿ ತಡೆದು ದೋಚುವ ಗುಂಪಿನಲ್ಲಿದ್ದ. ಪಾಲಿನ ಜಗಳದಲ್ಲಿ ಜೊತೆಯವರೇ ಹೊಡೆದು ಹಾಕಿದರು. ಯಾರ ಮನೆಯಲ್ಲಿ ಸಾವಾದರೂ ಊರಿನ ಹೆಂಗಸರು ಬಂದು, ಕೊರಳಿಗೆ ಕೊರಳು ಕೊಟ್ಟು, ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಅವಳ ಮನೆಗೆ ಒಬ್ಬರೂ ಬರಲಿಲ್ಲ. ಪಕ್ಕದ ಮನೆಯ ಪಾಪಮ್ಮನೂ ಬಾಗಿಲು ಮುಚ್ಚಿಕೊಂಡಳು. ಹನ್ನೊಂದರ ದಿನ ನಾಲ್ಕು ಪದ್ಯ ಓದಿಕೊಡಿ ಎಂದು ಅಕ್ಕಯಮ್ಮ ಗೋಪಾಲಪ್ಪನವರ ಜಗಲಿಯ ಮುಂದೆ ನಿಂತಿದ್ದಳು. "ಆಗಲ್ಲ ಕಣಮ್ಮ" ಎಂದು ಅವರು ಒಳಗೆ ಹೋಗಿದ್ದರು. ಒಬ್ಬಳೇ ಕೂತು ಅಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅಳು ಹಾಗೇ ಉಳಿದುಹೋಯಿತು. ಆಮೇಲೂ ಅವಳು ಓದು ಕೇಳುವುದನ್ನು ಬಿಡಲಿಲ್ಲ. ಗುಡಿಯ ಹೊರಗೋಡೆಗೆ ಒರಗಿ ಕೇಳಿ, ಕೈಮುಗಿದು ಮನೆಗೆ ಬರುತ್ತಿದ್ದಳು. ಈ ಸಂಜೆ ಟೆಂಟಿಗೆ ಬಂದದ್ದೂ ಆ ದನಿ ಕೇಳುವುದಕ್ಕೇ.

ಟೋಪಿಯವನು ಕುಳ್ಳ, ಚೆಲುವನೂ ಅಲ್ಲ. ನಾಟಕದ ರಾಕ್ಷಸರ ಹಾಗೆ ಹೂಂಕರಿಸುತ್ತಿರಲಿಲ್ಲ, ಮೀಸೆ ತಿರುವುತ್ತಿರಲಿಲ್ಲ. ಕೊಲ್ಲುವ ಮುಂಚೆ ದನಿ ಇಳಿಸುತ್ತಿದ್ದ. ಊಟಕ್ಕೆ ಕೂತರೆ ತಟ್ಟೆಗೆ ಎಡಗೈ ಅಡ್ಡ ಇಟ್ಟು, ಯಾರಾದರೂ ಕಿತ್ತುಕೊಂಡಾರು ಎಂಬಂತೆ ಗಬಗಬ ತಿನ್ನುತ್ತಿದ್ದ. ಮುದ್ದೆಯ ಮುಂದೆ ಪಿಳ್ಳಣ್ಣನೂ ಹೀಗೇ ಕೂರುತ್ತಿದ್ದ. ಅಕ್ಕಯಮ್ಮ ಆಮೇಲೆ ಕಣ್ಣು ಕೀಳಲಿಲ್ಲ.

ಕೊನೆಗೆ ಒಂದು ಗಲ್ಲಿ. ಗುಂಡು ತಿಂದವನು ಹೊಟ್ಟೆ ಒತ್ತಿಹಿಡಿದು ಕಲ್ಲು ಮೆಟ್ಟಿಲು ಹತ್ತಿದ. ಮೂರು ಹತ್ತಿ ಕೂತ. ಟೋಪಿ ಉರುಳಿತು. ಮುಖ ಪರದೆ ತುಂಬ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಮೇಲೆ ಮುಚ್ಚಿದ್ದ ಬಾಗಿಲನ್ನು ನೋಡುತ್ತ, ಹೊತ್ತು ಮೀರಿ ಮನೆಗೆ ಬಂದವನ ಹಾಗೆ, ಒಂದಿಷ್ಟು ನಕ್ಕಂತೆ ಮಾಡಿದ.

ಪೀಡೆ ತೊಲಗಿತು ಎನ್ನಲು ಗೋಪಾಲಪ್ಪನವರು ಕಹಳೆ ಎತ್ತಿದರು. ಆ ಮುಖ ನೋಡಿ ಇಳಿಸಿದರು. ಮತ್ತೆ ಕಹಳೆಯಿಲ್ಲದೆ, ಗುಡಿಯಲ್ಲಿ ಓದುವ ದನಿಯಲ್ಲಿ, ಮೆಲ್ಲಗೆ ಎಳೆದು ಹೇಳಿದರು: "ಅವ್ವಾ, ನಾನು ಕಣವ್ವಾ ಅಂತಾವ್ನೆ... ಬಾಗ್ಲು ತೆಗಿಯವ್ವಾ ಅಂತಾವ್ನೆ..."

ಹೆಂಗಸರ ಕಡೆ ಯಾರೋ ಬಿಕ್ಕಿದರು. ಹಿಂದಿನ ಸಾಲಿನಿಂದ ಒಂದು ಕೈ ಬಂದು ಅಕ್ಕಯಮ್ಮನ ಹೆಗಲು ಹಿಡಿಯಿತು. ಪಾಪಮ್ಮ.

"ಅಕ್ಕಯ್ಯಾ... ಅವತ್ತು ನಾನು ಬರ್ಲಿಲ್ಲ ಕಣಕ್ಕಯ್ಯಾ..."

ಅಕ್ಕಯಮ್ಮ ತಿರುಗಿ ಅವಳ ಕೊರಳಿಗೆ ಕೊರಳು ಕೊಟ್ಟಳು. ಎರಡು ವರ್ಷದ್ದು ಒಟ್ಟಿಗೆ ಬಂತು.

ಮುನಿಶಾಮಪ್ಪ ದೀಪ ತಂದ. ಜನ ಏಳಲಿಲ್ಲ. ಅಕ್ಕಯಮ್ಮನ ಅಳು ಕೇಳಿ ಬೈರಣ್ಣ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಅವನೇ ಬಾಯಿಬಿಟ್ಟ.

"ಲೋ ಮುನಿಶಾಮಿ, ಸಾವಿನ್ ಮೇಲೆ ಎಬ್ಬಿಸ್ತೀಯೇನ್ಲಾ? ಗುಡೀಲಿ ಯಾವತ್ತಾರ ಹಂಗೆ ಪುಸ್ತಕ ಮುಚ್ಚವ್ರಾ? ಮಂಗಳ ಆಗ್ಬೇಕು."

"ಅಯ್ಯೋ ನಿನ್ನ, ಇದು ಸಿನಿಮಾ ಕಣಣ್ಣಾ! ಇದ್ರಾಗೆ ಮಂಗಳ ಎಲ್ಲಿಂದ ತರ್ಲಿ?"

"ಮೊದಲ್ನೇ ರೀಲು ಒಂಚೂರು ಬುಡು. ಅವ್ನು ನಗೋದ್ ನೋಡ್ಕೊಂಡು ಹೋಯ್ತೀವಿ."

ಗೊಣಗುತ್ತಲೇ ಮುನಿಶಾಮಪ್ಪ ರೀಲು ಹಾಕಿಸಿದ. ಟೋಪಿಯವನು ರೈಲಿಳಿದು ಬಂದ. ಹೊಸ ಬಟ್ಟೆ. ಇನ್ನೂ ಯಾರನ್ನೂ ಕೊಂದಿಲ್ಲ. ಏನು ಕಂಡನೋ, ಬಾಯಿತುಂಬ ನಕ್ಕ. ಅಕ್ಕಯಮ್ಮ ಪರದೆಗೆ ಕೈಮುಗಿದಳು. "ಯಾವ ಸೀಮೆ ತಾಯಿ ಹೆತ್ತ ಮಗನೋ, ತಣ್ಣಗಿರಪ್ಪಾ" ಎಂದಳು.

ಟೆಂಟಿನ ಬಾಗಿಲಲ್ಲಿ ಗೋಪಾಲಪ್ಪನವರಿಗೂ ಕೈಮುಗಿದು ಹೋಗೋಣವೆಂದು ಅವಳು ಪಾಪಮ್ಮನ ಜೊತೆ ನಿಂತಳು. ಗೋಪಾಲಪ್ಪನವರು ಬಂದರು, ಅವರ ಹಿಂದೆಯೇ ಮುನಿಶಾಮಪ್ಪನೂ ಬಂದ.

"ಗೋಪಾಲಪ್ನೋರೆ, ನಾಳೆ ಪಟೇಲ್ರು ಬತ್ತಾರೆ. ಆವತಿ ತಿರುವ್ನಾಗೆ ಅವ್ರ ಗಾಡೀನೂ ದೋಚಿದ್ದು ಗೊತ್ತಲ್ಲ ನಿಮ್ಗೆ. ಕಳ್ಳನ್ಗೋಸ್ಕರ ಜನಾನ ಅಳುಸ್ತೀರಾ ಅಂತ ಟೆಂಟೇ ಕೀಳುಸ್ತಾರೆ. ನಾಳೆ ಮೊದಲ್ನಂಗೇ ಹೇಳ್ಬಿಡಿ, ಪಾಪಿ ಸತ್ತ, ಪೀಡೆ ಹೋಯ್ತು ಅಂತ."

ಗೋಪಾಲಪ್ಪನವರು ಅಕ್ಕಯಮ್ಮನ ಕಡೆ ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವರು ಕಹಳೆಯನ್ನು ಮರಳ ಮೇಲೆ ಬೋರಲಾಗಿ ಇಟ್ಟರು.

"ಆಗಲ್ಲ ಕಣಪ್ಪಾ" ಎಂದರು.